ಹಿಂಬಾಗಿಲಿನಿಂದ ಹೋದ ಅನ್ನ

ಕಳೆದ ವಾರ ಕಳವಾ ಸ್ಟೇಷನ್ನಿನ ಹೊರಗೆ ರಿಕ್ಷಾದ ಸಾಲಿನಲ್ಲಿ ನಿಂತಿದ್ದಾಗ, ನೀಲಿ ಡ್ರಮ್ಮುಗಳನ್ನು ಹೇರಿಕೊಂಡ ಟೆಂಪೊ ಒಂದು ನಮ್ಮನ್ನು ಒರಸಿಕೊಂಡೇ ಹೋಯಿತು. ಹುಳಿ ಬಂದ ಇಡ್ಲಿ ಹಿಟ್ಟು, ಆರಿದ ಸಾಂಬಾರು, ಮಳೆಯಲ್ಲಿ ನೆನೆದ ಬಾಳೆಲೆ, ಇವೆಲ್ಲ ಬೆರೆತ ವಾಸನೆ. ಸಾಲಿನಲ್ಲಿದ್ದವರು ಮೂಗಿಗೆ ಕರವಸ್ತ್ರ ಹಿಡಿದರು. ನಾನು ಉಸಿರೆಳೆದುಕೊಂಡೆ. ಹುಳಿ ಹದವಾಗಿತ್ತು, ಕೊಳೆತ ಮೊಟ್ಟೆಯ ನಾತ ಅದರಲ್ಲಿರಲಿಲ್ಲ. ಇಂಥ ಮುಸುರೆ ತಿಂದ ಗ್ಯಾಸಿನ ತೊಟ್ಟಿ ನೀಲಿ ಜ್ವಾಲೆ ಕೊಡುತ್ತದೆ. ಮೂರು ಮಳೆಗಾಲಗಳ ಹಿಂದೆ ಆ ವಾಸನೆಯೊಂದಿಗೇ ನಾನು ಎದ್ದು, ಅದರೊಂದಿಗೇ ಮಲಗುತ್ತಿದ್ದೆ. ಡೊಂಬಿವಲಿಯ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಎರಡನೆಯ ಮಹಡಿಯ ಹೆಂಗಸು ನಾನು ಒಳಬಂದರೆ ಹೊರಗೆ ಹೋಗುತ್ತಿದ್ದಳು. ಆಕೆಗೆ ನಾನಿಂದಿಗೂ ದೀಪಾವಳಿಯ ತಿಂಡಿ ಕಳಿಸುವುದಿಲ್ಲ.

ಅಂಬರನಾಥದ ಬಣ್ಣದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನನ್ನ ದುಡಿಮೆಯ ಕಾಲವೆಲ್ಲ ಕಳೆಯಿತು. ನನ್ನಿಂದಲೇ ಕೆಲಸ ಕಲಿತ ಗಂಡಸೊಬ್ಬನಿಗೆ ಮುಖ್ಯಸ್ಥನ ಕುರ್ಚಿ ಹೋದದ್ದನ್ನು ನೋಡಿ ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಅವರು ಕೊಟ್ಟ ಗೋಡೆ ಗಡಿಯಾರವನ್ನು ಇನ್ನೂ ಪೆಟ್ಟಿಗೆಯಿಂದ ಹೊರಗೆ ತೆಗೆದಿಲ್ಲ. ಮನೆಯಲ್ಲಿ ಕೂತಿರಲಾರದೆ ಕಳವಾದಲ್ಲಿ ಒಂದು ಗೋಬರ್ ಗ್ಯಾಸಿನ ಮಾದರಿಯ ಘಟಕ ಆರಂಭಿಸಿದೆ. ಸೆಗಣಿಯ ಬದಲು ಅದಕ್ಕೆ ಹೋಟೆಲುಗಳ ಮುಸುರೆ. ಡೊಂಬಿವಲಿಯ ನಮ್ಮವರ ಟ್ರಸ್ಟೊಂದು ಜಾಗ ಕೊಟ್ಟಿತು. ಠಾಣೆಯ ಉಡುಪಿ ಹೋಟೆಲುಗಳು ತಟ್ಟೆಯಲ್ಲಿ ಉಳಿದದ್ದನ್ನು ಡ್ರಮ್ಮಿಗೆ ಸುರಿದು ಕಳಿಸುತ್ತಿದ್ದವು. ಅದು ಮುಚ್ಚಿದ ತೊಟ್ಟಿಯಲ್ಲಿ ಕೊಳೆತು ಹುಟ್ಟಿದ ಅನಿಲ, ಕೊಳವೆಯ ಮೂಲಕ ಪಕ್ಕದ ಖಾನಾವಳಿಯ ಒಲೆಗೆ ಹೋಗುತ್ತಿತ್ತು.

ಆ ಖಾನಾವಳಿ ಶರಣಮ್ಮನದು. ಕಲಬುರಗಿಯ ಕಡೆಯಿಂದ ಬಂದವಳು. ಅಲ್ಲಿಯ ಹೆಂಗಸರನ್ನೇ ಜೊತೆಗಿಟ್ಟುಕೊಂಡು ಕಟ್ಟಡ ಕೆಲಸದ ಕೂಲಿಗಳಿಗೆ ಜೋಳದ ರೊಟ್ಟಿ, ಬೇಳೆ ಪಲ್ಯ ಮಾಡಿ ಹಾಕುತ್ತಿದ್ದಳು. ಗ್ಯಾಸು ಬರುವ ಮುಂಚೆ ಅವರು ಉರಿಸುತ್ತಿದ್ದದ್ದು ಸೆಂಟ್ರಿಂಗಿನ ಮುರುಕು ಹಲಗೆ, ಬಣ್ಣ ಹಚ್ಚಿದ ಕಿಟಕಿ ಚೌಕಟ್ಟು, ಕೆಲವೊಮ್ಮೆ ಹಳೆಯ ಚಪ್ಪಲಿ. ಆ ಹೊಗೆಯಿಂದ ಅವಳ ಬಲಗಣ್ಣಿನಲ್ಲಿ ಸದಾ ನೀರು. ನಾನು ಕಳವಾಕ್ಕೆ ಹೋಗುವ ಹೊತ್ತಿಗೆ ಅವಳು ಡ್ರಮ್ಮಿನೊಳಗೆ ಮೊಳಕೈ ತನಕ ಕೈ ಇಳಿಸಿ ನಿಂಬೆಹೋಳು, ಪ್ಲಾಸ್ಟಿಕ್ಕು, ಟೂತ್‌ಪಿಕ್ಕುಗಳನ್ನು ಆರಿಸುತ್ತಿರುತ್ತಿದ್ದಳು. ನಿಂಬೆ ಹೆಚ್ಚಾದರೆ ತೊಟ್ಟಿ ಹುಳಿಯೇರಿ ಮುನಿಯುತ್ತದೆ ಎಂದು ನಾನು ಹೇಳಿಕೊಟ್ಟ ಮೇಲೆ ಅವಳು ತೊಟ್ಟಿಯನ್ನು ಅತ್ತೆ ಎಂದು ಕರೆಯತೊಡಗಿದಳು.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಟ್ರಸ್ಟಿನವರು ಸಭೆ ಕರೆದು, ತೊಟ್ಟಿಯ ರಬ್ಬರ್ ಗುಮ್ಮಟ ಸವೆದಿದೆ, ಹೊಸದಕ್ಕೆ ನಮ್ಮಲ್ಲಿ ಶಕ್ತಿಯಿಲ್ಲ, ದಸರಾದೊಳಗೆ ಬೇರೆ ದಾರಿಯಾಗದಿದ್ದರೆ ಘಟಕ ಬಿಚ್ಚಿ ಜಾಗ ಖಾಲಿ ಮಾಡಿ ಎಂದರು. ಹೇಳುವಾಗ ಅಧ್ಯಕ್ಷರು ನನ್ನ ಕಡೆ ನೋಡಲಿಲ್ಲ. ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಘಟಕ ಹೋದರೆ ಶರಣಮ್ಮನ ಒಲೆಗೆ ಮತ್ತೆ ಬಣ್ಣದ ಹಲಗೆಯೇ ಗತಿ ಎಂಬುದು ಆ ಕೋಣೆಯಲ್ಲಿ ಯಾರನ್ನೂ ಬಾಧಿಸಲಿಲ್ಲ.

ಆಗಲೇ ಬೇಲಾಪುರದಿಂದ ಕರೆ ಬಂತು. ಇಂಗಾಲದ ಯೋಜನೆಗಳಿಗೆ ಹೊರದೇಶದ ಬಂಡವಾಳ ತರಿಸುವ ಸಣ್ಣ ಕಚೇರಿಯೊಂದು ಅಲ್ಲಿತ್ತು. ಅಲ್ಲಿ ಕೆಲಸ ಮಾಡುವ ನಿಖಿಲ್ ಎಂಬವನು ನಮ್ಮ ಘಟಕದ ಸುದ್ದಿ ಕೇಳಿದ್ದ. ಅವನ ತಾಯಿ ಕಾರ್ಕಳದವಳು. ಹುಟ್ಟಿ ಬೆಳೆದದ್ದು ವಾಶಿಯಲ್ಲಿ. ಕನ್ನಡ ಅರ್ಥವಾಗುತ್ತದೆ, ಆದರೆ ಉತ್ತರ ಮಾತ್ರ ಹಿಂದಿಯಲ್ಲಿ. ನಾನು ಕನ್ನಡ ಬಿಡಲಿಲ್ಲ, ಅವನು ಹಿಂದಿ ಬಿಡಲಿಲ್ಲ. ಇಡೀ ಮಳೆಗಾಲ ನಾವು ಹಾಗೆಯೇ ಮಾತಾಡಿದೆವು.

ವಿಷಯದ ಪರಿಚಯವಿಲ್ಲದವರಿಗಾಗಿ ಇಷ್ಟು ಹೇಳಬೇಕು. ಅನ್ನ, ತರಕಾರಿ ಗಾಳಿಯಾಡದ ಕಸದ ರಾಶಿಯಲ್ಲಿ ಕೊಳೆತರೆ ಮೀಥೇನ್ ಹುಟ್ಟುತ್ತದೆ. ಭೂಮಿಯನ್ನು ಕಾಯಿಸುವುದರಲ್ಲಿ ಅದು ಚಿಮಣಿಯ ಹೊಗೆಗಿಂತ ಬಹಳ ಬಲಶಾಲಿ. ಅದೇ ಅನಿಲವನ್ನು ತೊಟ್ಟಿಯಲ್ಲಿ ಹಿಡಿದು ಒಲೆಯಲ್ಲಿ ಉರಿಸಿದರೆ ಆ ಹಾನಿ ತಪ್ಪುತ್ತದೆ. ಹೀಗೆ ತಪ್ಪಿದ ಹಾನಿಯನ್ನು ಅಳೆದು ಪ್ರಮಾಣಪತ್ರ ಮಾಡಿದರೆ ದೂರದ ಕಂಪನಿಗಳು ಕೊಳ್ಳುತ್ತವೆ. ತಮ್ಮ ಹೊಗೆಯ ಎದುರಿಗೆ ನಮ್ಮ ಮುಸುರೆಯನ್ನು ತೂಗಿ ತೋರಿಸಿಕೊಳ್ಳುತ್ತವೆ. ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಷರತ್ತೊಂದಿದೆ. ಯೋಜನೆ ಬರುವ ಮುಂಚೆ ಆ ಅನ್ನ ನಿಜವಾಗಿಯೂ ಎಸೆಯಲ್ಪಟ್ಟು ಕೊಳೆಯುತ್ತಿತ್ತು ಎಂದು ತೋರಿಸಬೇಕು. ಮೊದಲು ಹಾನಿಯೇ ಇರಲಿಲ್ಲವೆಂದಾದರೆ ತಪ್ಪಿಸಿದ್ದಕ್ಕೆ ಬೆಲೆಯೂ ಇಲ್ಲ.

ಬೇಲಾಪುರದ ಸಭೆಗೆ ನಾನು ಹಾರ್ಬರ್ ಲೈನಿನಲ್ಲಿ ನೆನೆದುಕೊಂಡು ಹೋದೆ. ಮೇಜಿನ ಮೇಲೆ ಎಲ್ಲರ ಹೆಸರಿನ ಫಲಕಗಳಿದ್ದವು. ನನ್ನದರ ಮೇಲೆ ‘ಸ್ಥಳೀಯ ಪ್ರತಿನಿಧಿ’ ಎಂದಷ್ಟೇ ಇತ್ತು. ಬಂಡವಾಳ ಹಾಕುವವರ ಕಡೆಯಿಂದ ಬಂದಿದ್ದ ವಿದೇಶೀ ಗೃಹಸ್ಥರು ಪರದೆಯ ಮೇಲೆ ಚಿತ್ರ ತೋರಿಸುತ್ತ, ನಿಮ್ಮಂಥ ಅಭಿವೃದ್ಧಿಶೀಲ ದೇಶದಲ್ಲಿ ಸಾಧ್ಯತೆ ಅಪಾರ ಎಂದು ಮತ್ತೆ ಮತ್ತೆ ಹೇಳಿದರು. ಪ್ರತಿ ಸಲ ಅವರು ಆ ಮಾತು ಹೇಳಿದಾಗ ಪರದೆಯ ಮೇಲೆ ಇದ್ದದ್ದು ಕಸದ ಗುಡ್ಡ, ಹೊಗೆಯ ಅಡುಗೆಮನೆ, ಕಪ್ಪು ನಾಲೆ. ನಮ್ಮ ಸಾಧ್ಯತೆಯೆಂದರೆ ನಮ್ಮ ಕೊಳೆ ಎಂಬುದು ಆ ಕೋಣೆಯಲ್ಲಿ ಎಲ್ಲರಿಗೂ ಸಹಜವಾಗಿ ಕಂಡಿತು. ನಾನು ಕೈಯೆತ್ತಿ, ಮೊದಲಿನಿಂದಲೂ ಏನನ್ನೂ ಎಸೆಯದೆ ಬದುಕಿದವರಿಗೆ ನಿಮ್ಮ ಯೋಜನೆಯಲ್ಲಿ ಏನಿದೆ ಎಂದು ಕೇಳಿದೆ. ಅಂಥವರಿಗೆ ನಮ್ಮ ಅಭಿನಂದನೆಗಳು ಎಂದರು ಅವರು. ಸಭೆ ನಕ್ಕಿತು. ನಿಖಿಲ್ ಬಾಗಿ, “ಆಂಟಿ, ಐಸೇ ಸವಾಲ್ ಲಂಚ್ ಕೇ ಬಾದ್” ಎಂದ. ಇಂಥ ಪ್ರಶ್ನೆ ಊಟದ ನಂತರ ಕೇಳಬೇಕಂತೆ. ಊಟದ ನಂತರ ಆ ಗೃಹಸ್ಥರು ವಿಮಾನಕ್ಕೆ ಹೋಗಿಯಾಗಿತ್ತು.

ಆದರೂ ನಾನು ಒಪ್ಪಿದೆ. ಅವರು ಹೊಸ ಗುಮ್ಮಟ ಹಾಕಿಸಿ, ಪಕ್ಕದಲ್ಲಿ ಇನ್ನೊಂದು ದೊಡ್ಡ ತೊಟ್ಟಿ ಕಟ್ಟಿಸುವವರಿದ್ದರು. ಅದಕ್ಕೆ ಮೊದಲು ಪರಿಶೀಲಕರು ಬಂದು ನೋಡಿ ಸೈ ಎನ್ನಬೇಕಿತ್ತು.

ಅವರು ಬರುವುದಕ್ಕೆ ಮುಂಚೆ ತೊಟ್ಟಿ ಕೆಟ್ಟಿತು. ಮಳೆ ಬಿಡದೆ ಸುರಿದು ರೈಲುಗಳು ನಿಂತು, ಹೋಟೆಲಿಗೆ ಗಿರಾಕಿ ಬಾರದೆ, ಉಳಿದ ಇಡ್ಲಿ ಹಿಟ್ಟನ್ನೆಲ್ಲ ಯಾರೋ ಒಂದೇ ಸಲ ಡ್ರಮ್ಮಿಗೆ ಸುರಿದು ಕಳಿಸಿದ್ದರು. ಜ್ವಾಲೆ ಹಳದಿಯಾಗಿ, ನಡುಗಿ, ಆರಿತು. ಲಿಟ್ಮಸ್ ಅದ್ದಿದರೆ ಬೆಂಕಿಯಂತೆ ಕೆಂಪು. ನನಗೆ ಮನೆಯಲ್ಲಿ ಕಾಲು ನಿಲ್ಲಲಿಲ್ಲ. ಡೊಂಬಿವಲಿಯಿಂದ ಕಳವಾಕ್ಕೆ, ಕಳವಾದಿಂದ ಕಲ್ಯಾಣದ ಎಮ್ಮೆ ತಬೇಲಾಕ್ಕೆ, ಅಲ್ಲಿಂದ ಮತ್ತೆ ಕಳವಾಕ್ಕೆ, ಸೆಗಣಿಯ ಚೀಲಗಳೊಂದಿಗೆ ಟೆಂಪೊದಲ್ಲಿ ಓಡಾಡಿದೆ. ಸುಣ್ಣದ ತಿಳಿ, ಸೆಗಣಿಯ ನೀರು ಹಾಕಿ ಕಲಕಿ ಕಾದೆವು. ಆ ದಿನಗಳಲ್ಲಿ ಶರಣಮ್ಮ ಹಲಗೆ ಉರಿಸಿಯೇ ರೊಟ್ಟಿ ಬಡಿದಳು, ಕಣ್ಣು ಕೆಂಪಗಾಗಿಸಿಕೊಂಡು. “ಅತ್ತಿ ಹೊಟ್ಟಿಗಿ ಅಜೀರ್ಣ ಆಗ್ಯಾದ ಅಕ್ಕೋರ. ಎರಡ್ ದಿನ ಉಪಾಸ ಕೆಡವ್ರಿ, ತಾನ ಹಾದಿಗೆ ಬರ್ತಾಳ” ಎಂದು ನನ್ನನ್ನೇ ಸಮಾಧಾನ ಮಾಡಿದಳು. ಉಪವಾಸ ಕೆಡವಿದೆವು. ಪರಿಶೀಲಕರು ಬರುವ ಮುನ್ನಾದಿನ ಜ್ವಾಲೆ ನೀಲಿಗೆ ತಿರುಗಿತು. ಯಂತ್ರದ ಕಡೆಯಿಂದ ಇನ್ನು ಯಾವ ಅಡ್ಡಿಯೂ ಇರಲಿಲ್ಲ.

ಮನುಷ್ಯರ ಕಡೆಯಿಂದ ಬಂದ ಅಡ್ಡಿ ನನ್ನ ಒಡಹುಟ್ಟಿದವನದು.

ನನ್ನ ತಮ್ಮ ಸದಾಶಿವನ ಹೋಟೆಲು ಠಾಣೆ ಸ್ಟೇಷನ್ನಿನ ಹತ್ತಿರ. ಅಪ್ಪ ಕಟ್ಟಿದ್ದು. ಬೋರ್ಡಿನ ಮೇಲೂ, ಸ್ಟೀಲಿನ ಪ್ರತಿಯೊಂದು ಲೋಟ, ತಟ್ಟೆ, ಚಮಚದ ಮೇಲೂ ಚುಕ್ಕಿ ಚುಕ್ಕಿಯಾಗಿ ಕುಟ್ಟಿಸಿದ ‘ವೆಂಕಪ್ಪಯ್ಯ ಆಂಡ್ ಸನ್ಸ್’ ಎಂಬ ಹೆಸರು. ಅಪ್ಪನಿಗಿದ್ದವನು ಒಬ್ಬನೇ ಮಗ. ನನ್ನನ್ನು ಬಿಡುವುದಕ್ಕಾಗಿ ಇಲ್ಲದ ಮಗನೊಬ್ಬನನ್ನು ಹೆಸರಿಗೆ ಸೇರಿಸಿದರು. ಇದನ್ನು ನಾನು ಅಪ್ಪನಿಗೂ ಹೇಳಿದ್ದೆ, ಅವರು ಬದುಕಿದ್ದಾಗಲೇ.

ನಮ್ಮ ತೊಟ್ಟಿಗೆ ಅತಿ ಹೆಚ್ಚು ಮುಸುರೆ ಬರುತ್ತಿದ್ದದ್ದು ಸದಾಶಿವನಲ್ಲಿಂದ. ಕೊಡುವಾಗ ಅವನಿಗೆ ಸಂತೋಷವೇನಿರಲಿಲ್ಲ. ಊರವರ ಎಂಜಲು ಬಳಿಯುವ ಕೆಲಸ ನಿನಗೆ ಯಾಕಕ್ಕ ಎಂದು ಮೊದಲ ದಿನವೇ ಕೇಳಿದ್ದ, ಕ್ಯಾಷಿಯರನ ಎದುರಿಗೆ. ಆದರೂ ಕೊಟ್ಟ. ಉಳಿದ ಹೋಟೆಲಿನವರು ಅವನನ್ನು ನೋಡಿ ಕೊಟ್ಟರು. ನಮ್ಮವರಲ್ಲಿ ಅವನ ಮಾತಿಗೆ ಅಷ್ಟು ತೂಕ.

ಪರಿಶೀಲಕರು ದೆಹಲಿಯವರು, ಮಿತಭಾಷಿ. ಒದ್ದೆ ಬೂಟು ಕಳಚಿ ಹೋಟೆಲಿನೊಳಗೆ ಬರಬೇಕೇ ಎಂದು ಕೇಳಿದ ಸಭ್ಯರು. ಜೊತೆಗೆ ನಿಖಿಲ್. ಮಧ್ಯಾಹ್ನದ ಊಟದ ಗದ್ದಲ ಇಳಿದ ಹೊತ್ತು. ಕೌಂಟರಿನ ಮೇಲೆ ಅಪ್ಪನ ಫೋಟೊ, ಅದಕ್ಕೆ ಮಲ್ಲಿಗೆ ಹಾರ. ಪರಿಶೀಲಕರು ಹಿಂದಿಯಲ್ಲಿ, ಈ ಘಟಕ ಬರುವುದಕ್ಕೆ ಮೊದಲು ಉಳಿದ ಅನ್ನವನ್ನು ಏನು ಮಾಡುತ್ತಿದ್ದಿರಿ ಎಂದು ಕೇಳಿದರು.

ಸದಾಶಿವ ಫೋಟೊದ ಕಡೆ ಒಮ್ಮೆ ನೋಡಿದ. “ಹಮಾರೇ ಯಹಾಂ ಅನ್ನ ಫೇಂಕ್‌ತೇ ನಹೀಂ” ಎಂದ. ನಮ್ಮಲ್ಲಿ ಅನ್ನ ಎಸೆಯುವುದಿಲ್ಲ. ಉಳಿಯುವುದೇ ಕಡಿಮೆ, ಉಳಿದದ್ದನ್ನು ಬಡವರಿಗೆ ಕೊಡುತ್ತಿದ್ದೆವು, ಅಪ್ಪನ ಕಾಲದಿಂದಲೂ ಹಾಗೆಯೇ ಎಂದು ಮುಂದುವರಿಸಿದ. ಹೇಳುತ್ತ ಹೇಳುತ್ತ ಅವನ ಬೆನ್ನು ನೆಟ್ಟಗಾಯಿತು.

ಪಾಲಿಕೆಯ ಕಸದ ಗಾಡಿ ಪ್ರತಿದಿನ ಹಿತ್ತಲ ಗಲ್ಲಿಗೆ ಬಂದು ಆ ಹೋಟೆಲಿನ ಮುಸುರೆಯನ್ನು ಒಯ್ಯುತ್ತಿದ್ದದ್ದನ್ನು ನಾನು ಲಂಗ ತೊಡುವ ವಯಸ್ಸಿನಿಂದ ನೋಡಿದವಳು. ಅವನು ಸುಳ್ಳುಗಾರನಲ್ಲ. ಆದರೆ ಎಲೆಯಲ್ಲಿ ಒಂದು ಅಗುಳು ಬಿಟ್ಟರೆ ಅಮ್ಮ ಏಳಗೊಡದ ಮನೆಯಲ್ಲಿ ಬೆಳೆದವನು. ಅನ್ನವನ್ನು ಕಸಕ್ಕೆ ಹಾಕಿದೆ ಎಂದು ಪರಸ್ಥಳದವರೆದುರು, ಅಪ್ಪನ ಫೋಟೊದಡಿ ಒಪ್ಪಿಕೊಳ್ಳುವುದಕ್ಕೆ ಅವನಿಂದಾಗಲಿಲ್ಲ. ಪರಿಶೀಲಕರು ತಲೆದೂಗಿ ಬರೆದುಕೊಂಡರು. ಮುಂದಿನ ಹೋಟೆಲಿಗೆ ನಾವು ಮುಟ್ಟುವ ಮುಂಚೆ ಸದಾಶಿವನ ಫೋನು ಮುಟ್ಟಿತ್ತು. ಅಲ್ಲಿಯೂ ಅನ್ನ ಎಸೆಯುವುದಿಲ್ಲ. ಅದರಾಚೆಯದರಲ್ಲಿಯೂ ಇಲ್ಲ. ಒಂದು ಮಧ್ಯಾಹ್ನದೊಳಗೆ ಠಾಣೆಯ ಉಡುಪಿ ಹೋಟೆಲುಗಳೆಲ್ಲ ಅನ್ನದಾನದ ಛತ್ರಗಳಾದವು.

ಕಳವಾಕ್ಕೆ ಹೋಗುವ ದಾರಿಯಲ್ಲಿ ನಿಖಿಲ್ ನನ್ನ ಕಿವಿಯಲ್ಲಿ, ಹೀಗಾದರೆ ಬೇಸ್‌ಲೈನ್, ಅಂದರೆ ಮೊದಲಿದ್ದ ಹಾನಿಯ ಲೆಕ್ಕ, ಸೊನ್ನೆ ಆಂಟಿ, ಯೋಜನೆ ಮುಗಿದ ಹಾಗೆ ಎಂದು ಹಿಂದಿಯಲ್ಲಿ ಪಿಸುಗುಟ್ಟಿದ. ಹಿಂದೆ ಎಸೆದದ್ದಕ್ಕೆ ಈಗ ತೋರಿಸಲು ಏನೂ ಇರಲಿಲ್ಲ. ಆ ಅನ್ನ ಎಂದೋ ಕೊಳೆತು ಗಾಳಿಗೆ ಸೇರಿತ್ತು. ಎಸೆದವರ ಬಾಯಿಮಾತೊಂದೇ ಸಾಕ್ಷಿ.

ಶರಣಮ್ಮ ಬಂದವರಿಗೆ ಚಹಾ ತಂದಳು. ಪರಿಶೀಲಕರು ನಯವಾಗಿ ಬೇಡವೆಂದರು; ಅವಳು ಹಿಡಿದ ತಟ್ಟೆ ಹಾಗೆಯೇ ನಿಂತಿತು. ನಾನು ಒಂದು ಲೋಟ ತೆಗೆದುಕೊಂಡೆ. ಹೆಬ್ಬೆರಳಿಗೆ ಚುಕ್ಕಿಗಳು ತಗುಲಿದವು. ತಿರುಗಿಸಿ ನೋಡಿದೆ. ವೆಂಕಪ್ಪಯ್ಯ ಆಂಡ್ ಸನ್ಸ್. ಅಷ್ಟು ದಿನ ನಾನು ಅವಳಲ್ಲಿ ನೀರನ್ನೂ ಕುಡಿದಿರಲಿಲ್ಲ, ಫ್ಲಾಸ್ಕ್ ಒಯ್ಯುತ್ತಿದ್ದೆ.

ಅವರು ಹೋದ ಮೇಲೆ ಕೇಳಿದೆ. ಅವಳು ಮುಚ್ಚಿಡಲಿಲ್ಲ. ಊರಿನಿಂದ ಬಂದ ಹೊಸತರಲ್ಲಿ ಗಂಡನೊಂದಿಗೆ ಪಾಲಿಕೆಯ ಗಾಡಿಗಳು ಸುರಿಯುವ ಡಂಪಿಂಗಿನಲ್ಲಿ ಕಸ ಆರಿಸುತ್ತಿದ್ದಳಂತೆ. ಗಾಡಿ ತಂದು ಸುರಿದ ಹೋಟೆಲಿನ ಮುಸುರೆಯೊಳಗೆ ಕೆಲಸಗಾರರ ಅಜಾಗ್ರತೆಯಿಂದ ಬಂದ ಚಮಚ, ಲೋಟ ಸಿಗುತ್ತಿದ್ದವಂತೆ. “ಚಮಚಾ ಎಲ್ಲಾ ಗುಜರಿಯವ್ಗ ಮಾರಿದ್ವಿ. ಲೋಟಾ ಮಾತ್ರ ಇಟ್‌ಗೊಂಡೀನಿ ಅಕ್ಕೋರ. ಮನಿಗಿ ಯಾರರೆ ಬಂದ್ರ ಚಹಾ ಯಾತರಾಗ ಕೊಡ್ಲಿ?”

ನನಗೆ ಬೇಕಿದ್ದ ಸಾಕ್ಷಿ ಕೈಯಲ್ಲಿಯೇ ಬಿಸಿಯಾಗಿತ್ತು. ಅವಳನ್ನು ಕೇಳಿ ಒಂದು ಲೋಟವನ್ನು ಚೀಲಕ್ಕೆ ಹಾಕಿಕೊಂಡು ಅದೇ ಸಂಜೆ ಠಾಣೆಗೆ ಮರಳಿದೆ. ಎರಡನೆಯ ಭೇಟಿಗೆ ಪರಿಶೀಲಕರನ್ನು ನಿಖಿಲ್ ಹೇಗೋ ಒಪ್ಪಿಸಿದ್ದ. ಅದರೊಳಗೆ ಸದಾಶಿವ ನಿಜ ಹೇಳಬೇಕಿತ್ತು. ಅವನು ಹೇಳಿದರೆ ಉಳಿದವರೂ ಹೇಳುತ್ತಾರೆ.

ಕೌಂಟರಿನಲ್ಲಿ ಕೂತಾಗ ಅವನು ನನ್ನೊಡನೆಯೂ ಕನ್ನಡವನ್ನೇ ಆಡುತ್ತಾನೆ, ತುಳು ಮನೆಯೊಳಗಿನದು. ಲೋಟವನ್ನು ಅವನೆದುರು ಇಟ್ಟು, ಇದು ಎಲ್ಲಿ ಸಿಕ್ಕಿತು ಗೊತ್ತೇ ಎಂದು ಎಲ್ಲ ಹೇಳಿದೆ. ಅವನು ಲೋಟ ಮುಟ್ಟಲಿಲ್ಲ.

“ಕಸದಲ್ಲಿ ಸಿಕ್ಕಿದ್ದು ಅಂತ ಅವಳು ಹೇಳಿದ್ದಾ? ಕದ್ದವರೆಲ್ಲ ಹಾಗೇ ಹೇಳುದು ಅಕ್ಕ. ನಮ್ಮಲ್ಲಿ ತಿಂಗಳಿಗೆ ಎಷ್ಟು ಲೋಟ ಹೋಗ್ತದೆ, ನಿಂಗೆ ಗೊತ್ತುಂಟಾ?”

ಪಕ್ಕದಲ್ಲಿ ಡ್ರಮ್ಮು ಒಯ್ಯಲು ಬಂದಿದ್ದ ನಮ್ಮ ಟೆಂಪೊದ ಚಾಲಕ ನಿಂತಿದ್ದ. ನಾನು ಸದಾಶಿವನಿಗೆ ಏನು ಹೇಳಿದೆ ಎಂಬುದನ್ನು ಬರೆಯುವುದಿಲ್ಲ. ಹಿರಿಯಕ್ಕ ತಮ್ಮನಿಗೆ ಹೇಳಬಹುದಾದುದನ್ನೆಲ್ಲ ಹೇಳಿದೆ. ಗಲ್ಲದ ಮೇಲೆ ಕೈಯಿಟ್ಟು ಕೂತು ಕೇಳಿದ. ಕೊನೆಗೆ, “ಅನ್ನ ಎಸೀತಿದ್ದೆ ಅಂತ ನನ್ನ ಬಾಯಲ್ಲಿ ಹೇಳ್ಲಿಕ್ಕಾಗುದಿಲ್ಲ. ಅಪ್ಪನ ಹೆಸರು ಉಂಟು ಮೇಲೆ” ಎಂದ. ಆ ಹೆಸರಿನಲ್ಲಿ ನಾನಿಲ್ಲ, ಹಾಗಾಗಿ ನನಗೆ ಹೇಳಲು ಅಡ್ಡಿಯಿಲ್ಲ ಎಂದು ಎದ್ದುಬಂದೆ. ಲೋಕಲ್ಲಿನಲ್ಲಿ ಸೀಟು ಸಿಕ್ಕಿದರೂ ಕೂರಲಾಗಲಿಲ್ಲ. ಡೊಂಬಿವಲಿಯ ತನಕ ಬಾಗಿಲ ಕಂಬಿ ಹಿಡಿದು ನಿಂತೇ ಹೋದೆ.

ಕದ್ದದ್ದೆಂಬ ಮಾತನ್ನು ನಾನು ಶರಣಮ್ಮನಿಗೆ ಮುಟ್ಟಿಸುವವಳಲ್ಲ. ಚಾಲಕ ಮುಟ್ಟಿಸಿದ. ಮರುದಿನ ಬೆಳಿಗ್ಗೆ ನಾನು ಕಳವಾದಲ್ಲಿ ಇಳಿದಾಗ ಖಾನಾವಳಿಯಲ್ಲಿ ಅವಳಿರಲಿಲ್ಲ, ಕಪಾಟಿನಲ್ಲಿ ಲೋಟಗಳಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಹೆಂಗಸರು ಮುಖ ತಿರುಗಿಸಿದರು. ಎಲ್ಲಿಗೆ ಹೋಗಿರಬಹುದೆಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಠಾಣೆಗೆ ಓಡಿದೆ.

ನಾಷ್ಟಾದ ಹೊತ್ತು. ಆಫೀಸಿಗೆ ಹೋಗುವವರು ನಿಂತೇ ತಿನ್ನುತ್ತಿದ್ದರು. ಶರಣಮ್ಮ ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು, ಕೌಂಟರಿನ ಮೇಲೆ ಲೋಟಗಳನ್ನು ಒಂದೊಂದಾಗಿ ಇಡುತ್ತಿದ್ದಳು. ಬೂದಿ ಹಾಕಿ ಉಜ್ಜಿದ್ದಳು; ತಗ್ಗುಬಿದ್ದ ಲೋಟಗಳೂ ಕನ್ನಡಿಯಾಗಿದ್ದವು.

“ನೋಡ್ಕೊಳ್ರಿ ಶೇಟ್ರ, ನಿಮ್ಮವs ಹೌದಲ್ಲ? ನಿಮ್ ಮುಸುರಿಯೊಳಗ ಕೈ ಹಾಕಿ ತಗದೀನಿ. ನಿಮ್ ಅಂಗಡ್ಯಾಗ ಕಾಲಿಟ್ಟಿದ್ದು ಇವತ್ತs ಮೊದಲ.”

ಸದಾಶಿವ ಚಿಲ್ಲರೆ ಕೊಡುತ್ತಿದ್ದ ಕೈಯನ್ನು ಹಾಗೆಯೇ ಹಿಡಿದಿದ್ದ.

“ಒಂದ್ ಮಾತ್ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮಲ್ಲಿ ಅನ್ನ ಚೆಲ್ಲಂಗಿಲ್ಲಂತ. ಹಂಗಾರ ಈ ಲೋಟಾ ಅಷ್ಟ್ ದೂರ ಡಂಪಿಂಗ್ ತನಕ ತಾವs ನಡಕೊಂಡ್ ಬಂದ್ವೇನ್ರಿ?”

ಇಡ್ಲಿ ತಿನ್ನುತ್ತಿದ್ದ ಬಿಜಾಪುರ ಕಡೆಯ ಹಮಾಲರೊಬ್ಬರು ಗೊಳ್ಳೆಂದು ನಕ್ಕರು. ಅವಳು ಉತ್ತರಕ್ಕೆ ಕಾಯದೆ, ನನ್ನ ಪಕ್ಕದಲ್ಲಿಯೇ ಹಾದು, ನನ್ನನ್ನು ಕಂಡರೂ ಕಾಣದವಳಂತೆ ಮಳೆಗೆ ಇಳಿದಳು. ಅವಳ ಆ ಮೌನವನ್ನು ನಾನು ಅವಮಾನಗಳ ಲೆಕ್ಕಕ್ಕೆ ಸೇರಿಸಿಲ್ಲ. ಮಾಣಿಯೊಬ್ಬ ಲೋಟಗಳನ್ನು ತೊಳೆಯುವ ಕಡೆಗೆ ಒಯ್ಯಲು ಬಂದಾಗ ಸದಾಶಿವ ಬೇಡವೆಂದು ಕೈಸನ್ನೆ ಮಾಡಿ, ತಾನೇ ಎತ್ತಿ ಕೌಂಟರಿನ ಕೆಳಗೆ ಇಟ್ಟುಕೊಂಡ.

ಪರಿಶೀಲಕರು ಎರಡನೆಯ ಸಲ ಬಂದ ದಿನ ಗೌರಿ ಗಣೇಶನ ಗಲಾಟೆಯಲ್ಲಿ ಠಾಣೆ ಕಿಕ್ಕಿರಿದಿತ್ತು. ಸದಾಶಿವ ಅವರನ್ನು ಕೂರಿಸಿದ. ಅದೇ ಪ್ರಶ್ನೆಯನ್ನು ಅವರು ಮತ್ತೆ ಕೇಳಿದರು. ಅವನು ಈ ಸಲ ಫೋಟೊದ ಕಡೆ ನೋಡಲಿಲ್ಲ, ಅವರ ಕಡೆಯೂ ನೋಡಲಿಲ್ಲ. ನನ್ನ ಕಡೆ ತಿರುಗಿ ತುಳುವಿನಲ್ಲಿ ಹೇಳಿದ. ಕೌಂಟರಿನಲ್ಲಿ ಕೂತು ಅವನು ತುಳು ಆಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಅಪ್ಪನ ಕಾಲದಿಂದಲೂ ಎಸೆಯುತ್ತಿದ್ದೆವು ಎಂದ. ದಿನವೂ. ಎಸೆಯುವ ಮುಂಚೆ ಅಪ್ಪ ಹಿಂಬಾಗಿಲು ಹಾಕಿಸುತ್ತಿದ್ದರು, ಊಟಕ್ಕೆ ಕೂತವರ ಕಣ್ಣಿಗೆ ಬೀಳಬಾರದೆಂದು, ನಾನೂ ಹಾಕಿಸುತ್ತಿದ್ದೆ. ಬಾಗಿಲು ಹಾಕಿದ ಮೇಲೆ ಅನ್ನ ಎಲ್ಲಿಗೆ ಹೋಗುತ್ತದೆಂದು ನಾನು ಯಾವತ್ತೂ ಕೇಳಲಿಲ್ಲ ಅಕ್ಕ ಎಂದ.

ಪರಿಶೀಲಕರು ನಿಖಿಲನನ್ನು ನೋಡಿದರು. ಅವನಿಗೆ ತುಳು ಬಾರದು. ಅವನು ನನ್ನನ್ನು ನೋಡಿದ. ಅಲ್ಲಿ ಆ ಮಾತನ್ನು ದಾಟಿಸಬಲ್ಲವಳು ನಾನೊಬ್ಬಳೇ. ನಾನು ಹಿಂದಿಯಲ್ಲಿ, ನಾವು ಎಸೆಯುತ್ತಿದ್ದೆವು ಎಂದೆ. ‘ಅವರು’ ಎನ್ನಲಿಲ್ಲ. ಇಷ್ಟು ವರ್ಷ ಬೋರ್ಡಿನ ಹೊರಗೆ ನಿಂತವಳು ಆ ಒಂದು ವಾಕ್ಯದಲ್ಲಿ ಒಳಗೆ ಬಂದೆ, ಅದೂ ಇಂಥದಕ್ಕೆ. ಪರಿಶೀಲಕರು, ಗಾಡಿ ದಿನಕ್ಕೆ ಎಷ್ಟು ಸಲ ಬರುತ್ತಿತ್ತು ಎಂಬ ಮುಂದಿನ ಪ್ರಶ್ನೆಗೆ ಹೋದರು. ನನ್ನ ತಮ್ಮನಿಗೆ ಅಷ್ಟು ಕಷ್ಟವಾದ ಮಾತು ಅವರಿಗೆ ಒಂದು ಸಾಲು. ಅವರನ್ನು ದೂರುವುದಿಲ್ಲ, ಅವರ ಕೆಲಸವೇ ಅದು. ದೂರುವುದು ಆ ಏರ್ಪಾಟನ್ನು: ನೂರಾರು ವರ್ಷ ಹೊಗೆಯುಗುಳಿ ಶ್ರೀಮಂತರಾದವರು ತಪ್ಪೊಪ್ಪಿಕೊಳ್ಳದೆ ಕೊಳ್ಳುವವರಾಗಿ ಬರುತ್ತಾರೆ, ತಟ್ಟೆಯಲ್ಲುಳಿದ ಅನ್ನಕ್ಕಾಗಿ ನಾವು ಅಪ್ಪನ ಫೋಟೊದಡಿ ತಲೆ ತಗ್ಗಿಸಬೇಕು.

ಉಳಿದ ಹೋಟೆಲಿನವರೂ ಒಪ್ಪಿಕೊಂಡರು. ಯೋಜನೆ ನೋಂದಣಿಯಾಯಿತು. ದಸರಾಕ್ಕೆ ಬಿಚ್ಚಬೇಕಿದ್ದ ಜಾಗದಲ್ಲಿ ಹೊಸ ಗುಮ್ಮಟ ಎದ್ದಿತು, ಮುಂದಿನ ಬೇಸಿಗೆಗೆ ಎರಡನೆಯ ತೊಟ್ಟಿ. ಟ್ರಸ್ಟಿನ ಅಧ್ಯಕ್ಷರು ಉದ್ಘಾಟನೆಗೆ ಬಂದು, ಇದು ತಮ್ಮ ಕನಸಾಗಿತ್ತೆಂದು ಭಾಷಣ ಮಾಡಿದರು. ಬೇಲಾಪುರದ ಕಚೇರಿಯ ಗೋಡೆಯ ಮೇಲೆ ಈಗ ಶರಣಮ್ಮನ ದೊಡ್ಡ ಚಿತ್ರವಿದೆ, ರೊಟ್ಟಿ ಬಡಿಯುತ್ತಿರುವುದು. ಕೆಳಗೆ ಅವಳ ಹೆಸರಿಲ್ಲ. ಅಪಾರ ಸಾಧ್ಯತೆ ಎಂದಿದೆ. ಹೆಸರು ಹಾಕಿ ಎಂದು ನಾನು ನಿಖಿಲನಿಗೆ ಹೇಳಿದಾಗಲೆಲ್ಲ ಅವನು “ಹೋ ಜಾಯೇಗಾ ಆಂಟಿ” ಎನ್ನುತ್ತಾನೆ. ಆಗಿಲ್ಲ. ನಮ್ಮ ಪ್ರಮಾಣಪತ್ರಗಳನ್ನು ಯಾವುದೋ ದೇಶದ ಯಾವುದೋ ಕಂಪನಿ ಕೊಂಡಿತಂತೆ. ಇಲ್ಲಿ ಮುಸುರೆ ರಾಶಿ ಸೇರುವುದು ನಿಂತದ್ದು ನಿಜ. ಅಲ್ಲಿಯ ಚಿಮಣಿ ಒಂದು ಗೇಣೂ ಬಾಗಿಲ್ಲವೆಂಬುದೂ ನಿಜ. ಎರಡನ್ನೂ ಒಟ್ಟಿಗೆ ಹೇಳದವರೊಂದಿಗೆ ನಾನು ಈ ವಿಷಯ ಮಾತಾಡುವುದಿಲ್ಲ.

ಸದಾಶಿವ ಮತ್ತು ನಾನು ಹಬ್ಬ, ತಿಥಿಗಳಲ್ಲಿ ಸಿಗುತ್ತೇವೆ. ಆ ಮಳೆಗಾಲದ ಮಾತು ಇಬ್ಬರೂ ಎತ್ತುವುದಿಲ್ಲ. ಅವನ ಹೋಟೆಲಿನ ಹಿಂಬಾಗಿಲು ಈಗ ಹಗಲೆಲ್ಲ ತೆರೆದಿರುತ್ತದೆಂದು ಟೆಂಪೊದವನು ಹೇಳುತ್ತಾನೆ. ನಾನು ಹೋಗಿ ನೋಡಿಲ್ಲ.

ಕಳೆದ ವಾರ ಆ ಡ್ರಮ್ಮುಗಳ ಹಿಂದೆಯೇ ನನ್ನ ರಿಕ್ಷಾ ಕಳವಾದ ಗಲ್ಲಿಗಳಲ್ಲಿ ತೂರಿಕೊಂಡು ಹೋಗಿ ಖಾನಾವಳಿಯ ಮುಂದೆ ನಿಂತಿತು. ಮೊಣಕಾಲಿನ ಶಸ್ತ್ರಚಿಕಿತ್ಸೆಯಿಂದಾಗಿ ಬಹಳ ತಿಂಗಳು ಬರಲಾಗಿರಲಿಲ್ಲ. ಶರಣಮ್ಮ ಒಳಗೆ ಕರೆದು, ಮಣೆ ಹಾಕಿ, ಚಹಾ ಕೊಟ್ಟಳು. ಬಲಗಣ್ಣಿನ ನೀರು ನಿಂತಿತ್ತು. ಫ್ಲಾಸ್ಕ್ ಒಯ್ಯುವುದನ್ನು ನಾನು ಆ ಮಳೆಗಾಲದಲ್ಲೇ ಬಿಟ್ಟಿದ್ದೆ.

ಲೋಟ ಹೊಸದು, ದಪ್ಪ ಸ್ಟೀಲು. ಹೆಬ್ಬೆರಳಿಗೆ ಮತ್ತೆ ಚುಕ್ಕಿಗಳು ತಗುಲಿದವು. ಅಭ್ಯಾಸದಿಂದ ಹಲ್ಲು ಕಚ್ಚಿಕೊಂಡು ತಿರುಗಿಸಿದೆ. ಪಾತ್ರೆ ಅಂಗಡಿಗಳಲ್ಲಿ ಕೊಂಡವರ ಹೆಸರು ಕುಟ್ಟಿಕೊಡುತ್ತಾರಲ್ಲ, ಹಾಗೆ ಕುಟ್ಟಿಸಿದ್ದು, ಕನ್ನಡ ಅಕ್ಷರಗಳಲ್ಲಿ: ಶರಣಮ್ಮ. ಅಷ್ಟೇ. ಆಂಡ್ ಸನ್ಸ್ ಇಲ್ಲ, ಯಾರೂ ಇಲ್ಲ.

“ನಿಮ್ ತಮ್ಮಾರು ಕಳಿಸ್ಯಾರ್ರಿ. ಡ್ರಮ್ಮಿನ ಮುಚ್ಚಳದ ಮ್ಯಾಲ ಕಾಗದಾ ಸುತ್ತಿ ಇಟ್ಟಿದ್ರು, ಅರ್ಧಾ ಡಜನ್. ಮುಸುರಿಯೊಳಗ ಬಿದ್ದಿಲ್ಲ ಅಂತ ಟೆಂಪೊದವ್ನ ಕೈಲೆ ಹೇಳಿ ಕಳಿಸ್ಯಾರ” ಎಂದು ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ನಾನು ನಗಲಿಲ್ಲ. ಅವಳನ್ನು ಕಳ್ಳಿ ಎಂದದ್ದು ಬಾಯಿಯಿಂದ. ಹಿಂದಕ್ಕೆ ತೆಗೆದುಕೊಳ್ಳುವುದೂ ಬಾಯಿಯಿಂದಲೇ ಆಗಬೇಕು, ಅವಳ ಮುಖ ನೋಡಿ, ಇದೇ ಬಾಗಿಲಲ್ಲಿ ನಿಂತು. ಹೇಳಬೇಕಾದುದನ್ನು ಉಕ್ಕಿನ ಮೇಲೆ ಕುಟ್ಟಿಸುವುದು ನಮ್ಮ ಮನೆಯ ಗಂಡಸರ ಹಳೆಯ ಚಾಳಿ. ಇದನ್ನು ನಾನು ಕ್ಷಮೆಯೆಂದು ಒಪ್ಪಿಲ್ಲ. ಶರಣಮ್ಮ ಒಪ್ಪಿದ್ದಾಳೆ, ಮತ್ತು ಲೋಟ ಅವಳದು. ಒಲೆಯ ಮೇಲೆ ಜ್ವಾಲೆ ನೀಲಿಯಾಗಿ, ಅಲುಗದೆ ಉರಿಯುತ್ತಿತ್ತು. ಚಹಾ ಆರುವುದರೊಳಗೆ ಕುಡಿದೆ.